ಅಪ್ಪ ಸುಮ್ಮನೆ ಸೈಕಲ್ ಹೊಡೆದದ್ದು

...ಹಸಿರು ಸೈಕಲ್ ಎಂದೇ ಇಷ್ಟು ದಿನ ಹೇಳುತ್ತ ಬಂದಿದ್ದೆ, ಈಗ ಅನುಮಾನ. ನಾನು ಚಿಕ್ಕವನಿದ್ದಾಗ ನಮ್ಮ ಯಲಹಂಕದಲ್ಲಿ ಕಾಣುತ್ತಿದ್ದ ಸೈಕಲ್ಲುಗಳೆಲ್ಲ ಕಪ್ಪು. ಆಮೇಲೆ ಯಾವಾಗಲೋ ನೆನಪಿನಲ್ಲಿ ನಾನೇ ಅದಕ್ಕೆ ಹಸಿರು ಬಳಿದಿರಬೇಕು. ಮಕ್ಕಳೇ, ಮುದುಕರ ನೆನಪನ್ನು ಪೂರ್ತಿ ನಂಬಬೇಡಿ. ಆದರೆ ಅಪ್ಪ ನಲವತ್ತು ದಾಟಿದ ಮೇಲೆ ಸೈಕಲ್ ಕಲಿತದ್ದು ನಿಜ.

ಬೇರೆಯವರ ಅಪ್ಪಂದಿರು ಹುಡುಗರಾಗಿದ್ದಾಗಲೇ ಕಲಿತು, ಕ್ಯಾರಿಯರ್‌ಗೆ ಊಟದ ಡಬ್ಬಿ ಸಿಕ್ಕಿಸಿಕೊಂಡು ಫ್ಯಾಕ್ಟರಿಗೆ ಹೋಗುತ್ತಿದ್ದರು. ಸಂಬಳ ಏರಿದ ಕೂಡಲೇ ಸೈಕಲ್ ಮಾರಿ ಸ್ಕೂಟರ್ ಬುಕ್ ಮಾಡುತ್ತಿದ್ದರು. ನಮ್ಮಪ್ಪ ಉಲ್ಟಾ. ಬಸ್ಸಿನಲ್ಲಿ ಆಫೀಸಿಗೆ ಹೋಗುತ್ತಿದ್ದವರು, ಪ್ರಮೋಷನ್ ಸಿಕ್ಕ ಮೇಲೆ ಸೈಕಲ್ ತಂದರು. ಆಫೀಸಿಗೆ ಆಗಲೂ ಬಸ್ಸೇ. ಸೈಕಲ್ ಭಾನುವಾರಕ್ಕೆ ಮಾತ್ರ. ಮನೆಯ ಹಿಂದಿನ ಬಯಲಿನಲ್ಲಿ ಅವರು ಕಲಿಯುವಾಗ ಅಕ್ಕ ಸೀಟು ಹಿಡಿದುಕೊಂಡು ಹಿಂದೆ ಓಡುತ್ತಿದ್ದಳು. ಕೆಂಪು ಧೂಳು ಅವಳ ಲಂಗದ ಅಂಚಿಗೆಲ್ಲ ಮೆತ್ತಿಕೊಳ್ಳುತ್ತಿತ್ತು.

"ಏನ್ ಸಾರ್, ಆಫೀಸರ್ ಆದ್ಮೇಲೆ ಸೈಕಲ್ಲಾ? ಸ್ಕೂಟರ್ ತಗೊಳ್ಳೋದಲ್ವಾ?" ಎಂದು ಪಕ್ಕದ ಮನೆಯವರು ಕಾಂಪೌಂಡಿನ ಮೇಲಿಂದ ಕೂಗುತ್ತಿದ್ದರು.

"ಸ್ಕೂಟರ್ ತಾನಾಗೇ ಓಡತ್ತೆ ಕಣ್ರೀ, ಅದ್ರಲ್ಲಿ ನಂದೇನಿದೆ?" ಎಂದು ಹೇಳುತ್ತಲೇ ಅಪ್ಪ ಬೇಲಿಗೆ ನುಗ್ಗುತ್ತಿದ್ದರು.

ನಾನು ಹೇಳಹೊರಟದ್ದು ಒಂದು ಭಾನುವಾರದ ಮಾತು. ಅಂದು ಅಕ್ಕನನ್ನು ನೋಡಲು ಯಶವಂತಪುರದಿಂದ ಗಂಡಿನ ಕಡೆಯವರು ಬರುವವರಿದ್ದರು. ಭಾನುವಾರ ನಾಲ್ಕೂವರೆಯಿಂದ ಆರರವರೆಗೆ ರಾಹುಕಾಲ. ಅದು ಕಳೆದ ಮೇಲೆ ಬರುತ್ತಾರೆಂದು ಅಮ್ಮ ಅಂದುಕೊಂಡಿದ್ದಳು. ಅದು ಶುರುವಾಗುವ ಮುಂಚೆಯೇ ಹೆಣ್ಣು ನೋಡಿ ಮುಗಿಸಬೇಕೆಂದು ಅವರು ಅಂದುಕೊಂಡಿದ್ದರು. ಹಾಗಾಗಿ ಮೂರೂವರೆಗೇ ಬಂದು ಕೂತರು. ಅಪ್ಪ ಊಟ ಮುಗಿಸಿ ಸೈಕಲ್ ಹತ್ತಿ ಹೆಸರಘಟ್ಟದ ಕಡೆ ಹೊರಟುಹೋಗಿದ್ದರು.

"ಆಫೀಸ್ ಕೆಲ್ಸ ಅಂತ ಹೋಗಿದಾರೆ, ಇನ್ನೇನ್ ಬಂದ್ಬಿಡ್ತಾರೆ," ಎಂದು ಹೇಳಿ ಅಮ್ಮ ಅಡುಗೆಮನೆಗೆ ಓಡಿದಳು. ರವೆ ಹುರಿಯುವ ವಾಸನೆ ಪಡಸಾಲೆಗೆ ಬಂತು. ಹುಡುಗ ನೆಲ ನೋಡುತ್ತ ಕೂತಿದ್ದ. ಅವನ ಸೋದರಮಾವ ಮಾತ್ರ ಕಿಟಕಿಯ ಬಳಿ ನಿಂತು ಗಳಿಗೆಗೊಮ್ಮೆ ಗಡಿಯಾರ ನೋಡುತ್ತಿದ್ದ.

ನಾಲ್ಕು ಗಂಟೆ ದಾಟಿರಬೇಕು. ಗೇಟು ಕಿರ್ರೆಂದಿತು. "ಹಾಲಿನೋನು ಬಂದ ಅಂತ ಕಾಣತ್ತೆ ನೋಡಮ್ಮ," ಎಂದು ಮಾವ ಒಳಗೆ ಕೂಗಿ ಹೇಳಿದ. ಬಂದವರು ಅಪ್ಪ. ಬೆವರಿಗೆ ಅಂಗಿ ಬೆನ್ನಿಗಂಟಿತ್ತು. ಪ್ಯಾಂಟಿನ ಕಾಲಿಗೆ ರಬ್ಬರ್ ಬ್ಯಾಂಡ್, ಹಿಮ್ಮಡಿಯ ಮೇಲೆ ಚೈನಿನ ಮಸಿ.

ಇವರೇ ಹುಡುಗಿಯ ತಂದೆ ಎಂದು ತಿಳಿದಾಗ ಮಾವ ಸಾವರಿಸಿಕೊಂಡ. "ಸ್ಕೂಟರ್ ರಿಪೇರಿಗೆ ಬಿಟ್ಟಿದೀರೇನೋ?"

ಅಮ್ಮ ಬಾಗಿಲ ಹಿಂದಿನಿಂದ ಜೋರಾಗಿ ತಲೆಯಾಡಿಸಿದಳು. ಅಪ್ಪ ಹೂಂ ಎಂದಿದ್ದರೆ ಸಾಕಿತ್ತು, ಸಂಬಂಧ ಉಳಿಯುತ್ತಿತ್ತು.

"ಸ್ಕೂಟರ್ ಇಲ್ಲ," ಎಂದರು ಅಪ್ಪ. "ಸೈಕಲ್ ಸುಮ್ನೆ ಹೊಡೀತೀನಿ."

"ಸುಮ್ನೆ ಅಂದ್ರೆ?"

"ಸುಮ್ನೆ ಅಂದ್ರೆ ಸುಮ್ನೆ."

ಮಾವ ನಕ್ಕ. "ಧಾರೆ ಎರೆಯೋಕೂ ಇದ್ರಲ್ಲೇ ಬರ್ತೀರೋ ಹೆಂಗೆ?"

ಅಪ್ಪನ ಮುಖ ಸಣ್ಣದಾಯಿತು. ಅಷ್ಟು ಹೊತ್ತಿಗೆ ಕಾಫಿ ತಟ್ಟೆ ಹಿಡಿದು ಅಕ್ಕ ಹೊರಗೆ ಬಂದಿದ್ದಳು. ತಲೆ ತಗ್ಗಿಸಿಕೊಂಡು ಬಾ, ಕೇಳಿದ್ದಕ್ಕಷ್ಟೇ ಉತ್ತರ ಕೊಡು ಎಂದು ಅಮ್ಮ ಹತ್ತು ಸಲ ಹೇಳಿಕೊಟ್ಟಿದ್ದಳು. ಅಕ್ಕ ತಲೆ ಎತ್ತಿಯೇ ಹೇಳಿದಳು: "ಬರ್ತಾರೆ. ಸೀಟು ನಾನೇ ಹಿಡ್ಕೋತೀನಿ."

ಮಾವ ಕಾಫಿ ಮುಟ್ಟಲಿಲ್ಲ. ಹುಡುಗ ನಕ್ಕನೋ ಇಲ್ಲವೋ ನಾನು ನೋಡಲಿಲ್ಲ. ನಾನು ನೋಡುತ್ತಿದ್ದದ್ದು ಅಕ್ಕನನ್ನು. ರಾಹುಕಾಲದ ನೆಪ ಹೇಳಿ ಅವರು ಎದ್ದರು.

ಅವರು ಹೋದ ಮೇಲೆ ಅಪ್ಪ ಜಗಲಿಯಲ್ಲಿ ಕೂತು, "ಮಾರ್ಬಿಡ್ತೀನಿ ಕಣಮ್ಮ ಇದನ್ನ," ಎಂದರು.

"ಮಾರಿದ್ರೆ ನಾನ್ ಯಾವುದ್ರಲ್ಲಿ ಕಲೀಲಿ?" ಎಂದು ಕೇಳಿದಳು ಅಕ್ಕ. ಮುಂದಿನ ಭಾನುವಾರ ಬಯಲಿನಲ್ಲಿ ಸೀಟು ಹಿಡಿದು ಓಡಿದವರು ಅಪ್ಪ. ಪಕ್ಕದ ಮನೆಯವರಿಗೆ ಕೂಗಲು ಇನ್ನೊಂದು ವಿಷಯ ಸಿಕ್ಕಿತು, ಕೂಗಿಕೊಂಡರು. ಅಕ್ಕ ಬಿದ್ದಳು, ಎದ್ದಳು, ಮತ್ತೆ ಹತ್ತಿದಳು.

ಈಗ ನೀವು ಹೆಲ್ಮೆಟ್ ಹಾಕಿಕೊಂಡು ಅದೇ ಹೆಸರಘಟ್ಟದ ರಸ್ತೆಯಲ್ಲಿ ಹೋಗುತ್ತೀರಿ. ನಿಮ್ಮಪ್ಪ ಹೊಟ್ಟೆ ಕರಗಲಿ ಎಂದು ತುಳಿಯುತ್ತಾನೆ, ಎಷ್ಟು ದೂರವಾಯಿತೆಂದು ಫೋನು ಲೆಕ್ಕ ಇಡುತ್ತದೆ, ಫೋಟೊ ನೋಡಿದವರು ಭೇಷ್ ಎನ್ನುತ್ತಾರೆ. ಒಳ್ಳೆಯದೇ. ಆದರೆ ಯಾರಾದರೂ ಯಾಕೆ ಎಂದು ಕೇಳಿದಾಗ ಕಾರಣ ಕೊಡಲೇಬೇಕೆಂದೇನೂ ಇಲ್ಲ.

ಯಶವಂತಪುರದಿಂದ ಉತ್ತರ ಬರಲೇ ಇಲ್ಲ. ಅಕ್ಕ ಹಾಗೆ ಹೇಳಿದ್ದು ಅಪ್ಪನನ್ನು ಉಳಿಸಲಿಕ್ಕೋ, ಹುಡುಗ ಇಷ್ಟವಾಗದೆಯೋ? ಅಥವಾ ಇಷ್ಟವಾಗಿದ್ದೂ ಹೇಳಿದಳೋ? ಮೊನ್ನೆ ಅವಳನ್ನೇ ಕೇಳಿದೆ. "ಯಾವ ಹುಡುಗ?" ಎಂದಳು. ನಿಜಕ್ಕೂ ಮರೆತಿದ್ದಾಳೋ, ಹೇಳಲು ಮನಸ್ಸಿಲ್ಲವೋ, ನನಗೆ ಗೊತ್ತಿಲ್ಲ.