ಕೆನ್ನೆಗೊತ್ತಿದ ಕಲ್ಲು

ಗವಿಪುರದ ನನ್ನ ಒಂದೇ ಕೋಣೆಯ ಅಂಗಡಿಯಲ್ಲಿ ಕೂತು, ಮಲಕೈಟ್ ಅನ್ನೋ ಹಸಿರು ತಾಮ್ರದ ಕಲ್ಲನ್ನು ಉಂಗುರಕ್ಕೆ ಕೂರಿಸೋಕೆ ಮೆಷಿನ್‌ನಲ್ಲಿ ಉಜ್ಜುತ್ತಿದ್ದೆ. ಬಿಸಿ ಜಾಸ್ತಿಯಾದರೆ ಅದು ಬಿರುಕು ಬಿಡುತ್ತದೆ. ಉಜ್ಜುವಾಗ ಹಾಕೋ ನೀರಲ್ಲಿ ನೆನೆದು ಜೋಮು ಹಿಡಿದ ಬೆರಳಿಗೆ ಬಿಸಿ ತಿಳಿಯಲ್ಲ. ಅದಕ್ಕೇ ಆಗಾಗ ಕೆನ್ನೆಗೆ ಒತ್ತಿ ನೋಡುತ್ತೇನೆ. ಹಾಗೆ ಕಣ್ಣು ಮುಚ್ಚಿ ಒತ್ತಿಕೊಂಡಿದ್ದಾಗಲೇ, ಆ ಕಲ್ಲು ಕೊಟ್ಟಿದ್ದ ಟೀಚರಮ್ಮ ಬಾಗಿಲಿಗೆ ಬಂದರು.

“ಅಯ್ಯೋ, ಆಮೇಲೆ ಬರ್ತೀನಿ,” ಅಂದರು, ನೋಡಬಾರದ್ದನ್ನು ನೋಡಿದವರ ಹಾಗೆ.

“ಬನ್ನಿ ಮೇಡಂ, ಬಿಸಿ ನೋಡ್ತಿದ್ದೆ ಅಷ್ಟೇ!” ಅಂತ ಸಿಡುಕಿದೆ. ಆ ದಿನ ನಾನಾಡಿದ ಮೊದಲ ಮಾತು ಅದು. ಮೆಷಿನ್ ನಿಲ್ಲಿಸಿ ಕಲ್ಲು ತೋರಿಸಿದೆ.

ಅವರು ಅದನ್ನು ತಮ್ಮ ಕೆನ್ನೆಗೂ ಒತ್ತಿ ನೋಡಿದರು. “ಬೆಚ್ಚಗಿದೆ ಕಣ್ರೀ,” ಅಂತ ನಕ್ಕು, ಕಲ್ಲನ್ನು ನನ್ನ ಕೈಗಿಟ್ಟು, ನಾಳೆ ಬರ್ತೀನಂತ ಹೊರಟರು.

ಆಮೇಲೆ ನಾನು ಮತ್ತೆ ಕೆನ್ನೆಗೊತ್ತಿಕೊಂಡೆ. ಬಿಸಿ ನೋಡೋಕೇ. ಮೆಷಿನ್ ನಿಂತು ಮಾತ್ರ ಅರ್ಧ ಗಂಟೆಯಾಗಿತ್ತು.