ಚಾಕುವಾಲಿ ಶೈಸ್ತಾ

ಸೇಡಂನ ನಮ್ಮ ಓಣಿಗೆ ಬಂದು ಶೈಸ್ತಾಳ ಮನೆ ಯಾವುದು ಎಂದು ಕೇಳಿದರೆ ಜನ ತಲೆ ಕೆರೆದುಕೊಳ್ಳುತ್ತಾರೆ. ಚಾಕುವಾಲಿ ಎಂದರೆ ಸಾಕು, ಸಣ್ಣ ಕೂಸೂ ಬೆರಳು ಮಾಡಿ ತೋರಿಸುತ್ತದೆ. ಯಾರ ಮೈಮೇಲೂ ಒಂದು ಗೀರು ಹಾಕದವಳಿಗೆ ಈ ಬಿರುದು, ಅದನ್ನು ಕೊಟ್ಟವರು ನಾಲ್ಕಕ್ಷರ ಕಲಿತವರು. ನಾನು ಎದುರುಮನೆಯ ಪ್ರಮಿತಾ. ಸರಕಾರಿ ಪ್ರಾಥಮಿಕ ಶಾಲೆಯಲ್ಲಿ ಆಕೆಯ ಕೈ ಹಿಡಿದು ಅಕ್ಷರ ತಿದ್ದಿಸಿದವಳು. ಆದ್ದರಿಂದ ಈ ಕತೆಯನ್ನು ಸಿಟ್ಟಿನಿಂದ ಹೇಳಿದರೆ ಯಾರೂ ಬೇಸರ ಮಾಡಿಕೊಳ್ಳಬಾರದು.

ಅವಳ ಅಪ್ಪ ಬಾಬುಮಿಯಾ ಶಹಾಬಾದಿನಲ್ಲಿ ಕಲ್ಲು ಪಾಲಿಶ್ ಮಾಡುವ ಕಡೆ ದುಡಿಯುತ್ತಿದ್ದ. ತಾಯಿ ಹಸೀನಾಬೇಗಂ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದಳು. ಇಬ್ಬರು ಹೆಣ್ಣುಮಕ್ಕಳು, ಮಹೆವಿಶ ದೊಡ್ಡವಳು, ಶೈಸ್ತಾ ಸಣ್ಣವಳು. ಎರಡನೆಯ ಇಯತ್ತೆಯಲ್ಲಿದ್ದಾಗ ಶೈಸ್ತಾ ಒಂದು ದಿನ ಪ್ರಾರ್ಥನೆಯ ಸಾಲಿನಲ್ಲೇ ಬಿದ್ದಳು. ಕೈಕಾಲು ಸೆಟೆದವು, ಬಾಯಲ್ಲಿ ನೊರೆ ಬಂತು. ಮೂರ್ಛೆರೋಗ. ಮರುದಿನ ಹಸೀನಾ ಸಂತೆಯಿಂದ ಒಂದು ಮಡಚುವ ಚಾಕು ತಂದು ಮಗಳ ಪಾಟೀಚೀಲದಲ್ಲಿ ಹಾಕಿದಳು. ಮೂರ್ಛೆ ಬಂದಾಗ ಕೈಯಲ್ಲಿ ಕಬ್ಬಿಣ ಕೊಟ್ಟರೆ ನಿಲ್ಲುತ್ತದೆ ಎಂಬುದು ನಮ್ಮ ಕಡೆ ಎಲ್ಲ ಜಾತಿಯವರೂ ನಂಬಿರುವ ಮಾತು.

ನಾನು ನಂಬುವವಳಲ್ಲ. "ಚಾಕುವಿನಿಂದ ರೋಗ ಹೋಗ್ತದೇನ? ಕಲಬುರಗಿ ದೊಡ್ಡಾಸ್ಪತ್ರಿಗಿ ತೋರಿಸ್ರಿ, ಗುಳಿಗಿ ಕೊಡ್ತಾರ" ಎಂದು ಹೇಳಿ ಹೇಳಿ ನನ್ನ ನಾಲಿಗೆ ಸವೆಯಿತು.

"ಅಲ್ಲಿ ನಮ್ಮ ಮಂದಿ ಯಾರರೆ ನೋಡಿದ್ರ ಮುಗೀತ್ರಿ ಅಕ್ಕೋರೆ" ಎನ್ನುತ್ತಿದ್ದಳು ಹಸೀನಾ. "ಎರಡು ಹೆಣ್ಣು ಅವ. ಒಬ್ಬಾಕಿಗಿ ರೋಗ ಅದ ಅಂದ್ರ ಇಬ್ಬರನ್ನೂ ಯಾರೂ ಮಾಡ್ಕೊಳ್ಳಂಗಿಲ್ಲ."

ನಮ್ಮ ಶಾಲೆಯಲ್ಲಿ ಆ ಚಾಕುವಿನಿಂದ ಯಾರಿಗೂ ತೊಂದರೆಯಾಗಲಿಲ್ಲ. ಶೈಸ್ತಾ ಅದರಿಂದ ಗೆಳತಿಯರ ಪೆನ್ಸಿಲ್ ಕೆತ್ತಿಕೊಡುತ್ತಿದ್ದಳು, ಪೇರಲಹಣ್ಣು ಹೋಳು ಮಾಡಿ ಹಂಚುತ್ತಿದ್ದಳು. ಚಿತ್ತಾಪುರದಲ್ಲಿ ನಾವು ಕಲಿಯುವಾಗಲೂ ಹಾಗೆಯೇ ಇತ್ತು. ಹೆಡ್‌ಮಾಸ್ತರರೇ ಅಡಿಕೆ ಹೋಳು ಮಾಡಲು ಹುಡುಗರ ಚಾಕು ಇಸಿದುಕೊಳ್ಳುತ್ತಿದ್ದರು. ನನ್ನ ತರಗತಿಯ ಮಹೇಶಕುಮಾರ ನನ್ನದೇ ಚಾಕು ತೆಗೆದುಕೊಂಡು ಬೆಂಚಿನ ಮೇಲೆ ತನ್ನ ಹೆಸರು ಕೆತ್ತಿದ್ದ. ಆ ಬೆಂಚು ಇನ್ನೂ ಅಲ್ಲಿದೆ. ಮಹೇಶಕುಮಾರ ಈಗ ಸೇಡಂನ ಒಂದು ಖಾಸಗಿ ಹೈಸ್ಕೂಲಿನ ಕಾರ್ಯದರ್ಶಿ. ಶೈಸ್ತಾ ಎಂಟನೆಯ ಇಯತ್ತೆಗೆ ಸೇರಿದ್ದು ಆ ಹೈಸ್ಕೂಲಿಗೇ.

ಅವಳು ಹತ್ತನೆಯ ಇಯತ್ತೆಗೆ ಬಂದ ವರ್ಷ ಎಲ್ಲೋ ದೂರದ ಊರಿನಲ್ಲಿ ಒಬ್ಬ ಹುಡುಗ ಇನ್ನೊಬ್ಬನಿಗೆ ಶಾಲೆಯಲ್ಲೇ ಚಾಕು ಹಾಕಿದ. ಟಿವಿಯಲ್ಲಿ ಆ ಸತ್ತ ಹುಡುಗನ ತಾಯಿಯನ್ನು ನೋಡಿ ನನಗೂ ಅನ್ನ ಇಳಿಯಲಿಲ್ಲ. ಶಾಲೆಗೆ ಚಾಕು ಬೇಡ ಎಂಬ ನಿಯಮ ತಪ್ಪು ಎಂದು ನಾನು ಹೇಳುವುದಿಲ್ಲ. ಆದರೆ ಎತ್ತಿಗೆ ಜ್ವರ ಬಂತೆಂದು ಎಮ್ಮೆಗೆ ಬರೆ ಹಾಕಿದರೆ ಅದಕ್ಕೆ ಏನೆನ್ನಬೇಕು? ಒಂದು ಸೋಮವಾರ ಎಲ್ಲರ ಚೀಲ ಸುರುವಿ ನೋಡಿದರು. ಶೈಸ್ತಾಳ ಚಾಕು ಸಿಕ್ಕಿತು, ತಾಯಿಗೆ ಕರೆ ಬಂತು. ಹಸೀನಾ ನನ್ನನ್ನೂ ಎಳೆದುಕೊಂಡು ಹೋದಳು.

ದಾರಿಯಲ್ಲಿ ಅವಳು ಹೇಳಿದ್ದು ಒಂದೇ ಮಾತು. "ಅಕ್ಕೋರೆ, ರೋಗದ ಮಾತು ತೆಗೀಬ್ಯಾಡ್ರಿ. ನಿಮ್ಮ ಕಾಲು ಬೀಳ್ತೀನಿ. ಮಹೆವಿಶಂದು ನಿಕಾಹ ಮುಂದಿನ ತಿಂಗಳ ಅದ."

ಮಹೇಶಕುಮಾರನ ಮೇಜಿನ ಮೇಲೆ ಚಾಕು ಇತ್ತು. ಹುಡುಗಿ ಗೋಡೆಗೆ ಆತು ನಿಂತಿದ್ದಳು.

"ಯಾಕ ತಂದಿದ್ದಿ?" ಎಂದ.

"ಪೆನ್ಸಿಲ್ ಕೆತ್ತಾಕ್ರಿ ಸಾಹೇಬ್ರ" ಎಂದಳು ಹಸೀನಾ.

"ಹತ್ತನೇ ಇಯತ್ತೆದವರು ಪೆನ್ನಿನ್ಯಾಗ ಬರೀತಾರ. ನಮಗೇನು ಹುಚ್ಚ ಹಿಡಿಸ್ತೀರಿ? ಬಿಡ್ರಿ, ನಿಮ್ಮ ಮಂದಿ ಮನ್ಯಾಗ ಇವೆಲ್ಲ ಮಾಮೂಲಿ."

ನನ್ನ ಮೈ ಉರಿದು ಹೋಯಿತು. "ಏ ಮಹೇಶ, ಚಿತ್ತಾಪುರದ ಬೆಂಚಿನ ಮ್ಯಾಲ ನಿನ್ನ ಹೆಸರು ಯಾವ ಮಂದಿ ಚಾಕುವಿನಿಂದ ಕೆತ್ತೀದಿ? ಈ ಹುಡುಗಿ ಅದನ್ನ ಯಾಕ ಇಟ್ಕೊಂಡಾಳಂದ್ರ..." ಎಂದೆ. ಹಸೀನಾ ನನ್ನ ಸೆರಗು ಜಗ್ಗಿದಳು.

ಆಗ ಶೈಸ್ತಾ ಬಾಯಿ ಬಿಟ್ಟಳು. "ಒಬ್ಬ ಹುಡುಗಗ ಹೆದರಸಾಕ ತಂದಿದ್ದೆ ಸರ್."

"ಯಾವ ಹುಡುಗ?"

"ಹೆಸರು ಹೇಳಂಗಿಲ್ಲ ಸರ್."

ಯಾವ ಹುಡುಗನೂ ಇರಲಿಲ್ಲ. ಅಕ್ಕನ ಮದುವೆ ಉಳಿಯಲಿ ಎಂದು ಆ ಕೂಸು ತನ್ನ ಕೊರಳಿಗೆ ತಾನೇ ಉರುಲು ಹಾಕಿಕೊಂಡಿತು. ಕಾರಣ ಹೇಳಿದರೆ ಅಕ್ಕನ ಬಾಳು ಹೋಗುತ್ತದೆ, ಹೇಳದಿದ್ದರೆ ತನ್ನ ಓದು ಹೋಗುತ್ತದೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆಕೆ ಆರಿಸಿಕೊಂಡ ಮೇಲೆ ಅಡ್ಡ ಮಾತಾಡಲು ನಾನು ಯಾರು? ಅವತ್ತೇ ಟಿಸಿ ಬರೆದುಕೊಟ್ಟರು. ನಡತೆಯ ಜಾಗದಲ್ಲಿ ಬರೆದ ಮಾತು ನೋಡಿ ಬೇರೆ ಯಾವ ಶಾಲೆಯೂ ಅವಳನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ.

ನಿಕಾಹ ಗಂಡಿನ ಊರಾದ ವಾಡಿಯಲ್ಲಿ ಆಯಿತು. ಮದುಮಗ ಮುಕ್ರಮನಿಗೆ ಸ್ಟೇಷನ್ ಎದುರು ಚಪ್ಪಲಿ ಅಂಗಡಿ. ಅರಿಷಿಣ ಹಚ್ಚಿದ ಮೇಲೆ ಮದುಮಗ ದೃಷ್ಟಿಯಾಗದಂತೆ ನಿಂಬೆಹಣ್ಣು ಚುಚ್ಚಿದ ಚಾಕು ಹಿಡಿದೇ ಇರಬೇಕು, ನಮ್ಮಲ್ಲೂ ಹಾಗೆ, ಅವರಲ್ಲೂ ಹಾಗೆ. ಸೇಡಂನ ದೊಡ್ಡ ಮನುಷ್ಯನೆಂದು ಮುಕ್ರಮನ ಮನೆಯವರು ಮಹೇಶಕುಮಾರನನ್ನೂ ಕರೆದಿದ್ದರು. ಅವನು ಚಾಕು ಹಿಡಿದ ಮದುಮಗನ ಹೆಗಲ ಮೇಲೆ ಕೈ ಹಾಕಿ, ಹಲ್ಲು ಕಿರಿದು ಫೋಟೋ ತೆಗೆಸಿಕೊಂಡ.

ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಶೈಸ್ತಾ ಧೊಪ್ಪನೆ ಬಿದ್ದಳು. ಎಲ್ಲರೆದುರಿಗೆ, ಹೊಸ ಬಟ್ಟೆಯಲ್ಲಿ. "ಕಬ್ಬಿಣ ಕೊಡ್ರಿ, ಕಬ್ಬಿಣ!" ಎಂದು ಹೆಂಗಸರು ಕೂಗಿದರು. ಅವಳ ಚಾಕು ಮಹೇಶಕುಮಾರನ ಕಪಾಟಿನಲ್ಲಿತ್ತು. ಮುಕ್ರಮ ಕುರ್ಚಿಯಿಂದ ಜಿಗಿದು ಬಂದು ತನ್ನ ಚಾಕುವನ್ನೇ ಅವಳ ಮುಷ್ಟಿಗೆ ಕೊಡಹೋದ. ನಾನು ಅದನ್ನು ಆಚೆ ಸರಿಸಿ ಹುಡುಗಿಯನ್ನು ಮಗ್ಗುಲಿಗೆ ಹೊರಳಿಸಿದೆ.

ಹಸೀನಾ ಮುಕ್ರಮನ ತಾಯಿಯ ಕಾಲು ಹಿಡಿದು ಅಳತೊಡಗಿದಳು. ಆ ಹೆಂಗಸು ಅವಳನ್ನು ಎಬ್ಬಿಸಿ ಹೇಳಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ. "ಯಾಕ ಅಳಾಕತ್ತೀರಿ? ಹೆಣ್ಣು ನೋಡಾಕ ಬಂದಾಗನೇ ನಿಮ್ಮ ಓಣಿ ನಳದ ಹತ್ರ ನಮಗ ಹೇಳ್ಯಾರ. ನಮ್ಮ ನಾದಿನಿಗೂ ಇತ್ತು, ಗುಳಿಗಿ ತಗೊಂಡು ಆರಾಮ ಆದಳು. ಅದೇನು ಮುಚ್ಚಿಡೋ ಮಾತೇನ್ರಿ?"

ಯಾ ಅಲ್ಲಾ ಎಂದಳು ಹಸೀನಾ. ಅಯ್ಯೋ ದೇವರೇ ಎಂದೆ ನಾನು. ವಾಡಿಗೆಲ್ಲ ಗೊತ್ತಿದ್ದ ಗುಟ್ಟಿಗಾಗಿ ಹುಡುಗಿಯ ಓದು ಹೋಯಿತು.

ಮರುದಿನವೇ ಮಹೇಶಕುಮಾರನ ಬಾಗಿಲಿಗೆ ಹೋದೆ. "ನೀನೂ ಕಣ್ಣಾರೆ ನೋಡೀದಿ. ಅಕಿಗಿ ವಾಪಸ್ ಸೇರಿಸ್ಕೋ" ಎಂದೆ.

"ನೋಡಿ ನನಗೂ ಕೆಟ್ಟ ಅನಿಸ್ತು ಪ್ರಮಿತಾ. ಆದ್ರ ಅಕೀನೇ ಒಪ್ಕೊಂಡಾಳಲ್ಲ? ಈಗ ಸೇರಿಸ್ಕೊಂಡ್ರ ನಾಳೆ ಬ್ಯಾರೆ ತಂದಿ-ತಾಯಿಗಿ ನಾ ಏನು ಹೇಳಲಿ?" ಎಂದು ಕಪಾಟು ತೆರೆದು, ಚಾಕುವನ್ನು ಹಳೆಯ ಪೇಪರಿನಲ್ಲಿ ಸುತ್ತಿ ನನ್ನ ಕೈಗಿಟ್ಟ. "ಇದನ್ನರೆ ಕೊಡು." ಥೂ ನಿನ್ನ, ಎಂದು ಹೇಳಿಯೇ ಬಂದೆ.

ಆಮೇಲೆ ಶೈಸ್ತಾ ಕಲಬುರಗಿಗೆ ಹೋದಳು. ಕರೆದುಕೊಂಡು ಹೋದವನು ಭಾವ ಮುಕ್ರಮ. ಗುಳಿಗೆ ನುಂಗುತ್ತಾಳೆ, ಮೂರ್ಛೆ ಬಂದು ವರ್ಷಗಳಾದವು. ಹತ್ತನೆಯ ಇಯತ್ತೆ ಮಾತ್ರ ಅಲ್ಲಿಗೇ ನಿಂತಿತು. ತಾಯಿಯ ಮಶಿನ್ನಿನ ಮುಂದೆ ಕುಳಿತು ಓಣಿಯ ಹೆಂಗಸರ ಬ್ಲೌಸು ಹೊಲಿಯುತ್ತಾಳೆ. ಚಾಕುವಾಲಿ ಹತ್ತಿರ ಕೊಡಬೇಡ, ಬಟ್ಟೆ ಹರಿದಾಳು ಎಂದು ನಗುವವರೇ ಅವಳಿಗೆ ಬಟ್ಟೆ ಕೊಡುತ್ತಾರೆ.

ಮಹೆವಿಶಳ ಮಗಳು ಈಗ ಅಜ್ಜಿಯ ಮನೆಯಲ್ಲಿದ್ದು ಅದೇ ಮಹೇಶಕುಮಾರನ ಸಂಸ್ಥೆಯ ಪ್ರಾಥಮಿಕ ಶಾಲೆಯಲ್ಲಿ ಒಂದನೆಯ ಇಯತ್ತೆಗೆ ಹೋಗುತ್ತಾಳೆ. ಮುಂಜಾನೆ ಶೈಸ್ತಾ ಆ ಕೂಸಿನ ಚೀಲ ಸುರುವುತ್ತಾಳೆ. ಪೆನ್ಸಿಲ್ ಕೆತ್ತುವ ಮೆಂಡರ್ ಸಿಕ್ಕರೆ ಅದನ್ನೂ ತೆಗೆದಿಡುತ್ತಾಳೆ, ಅದರಲ್ಲಿ ಬ್ಲೇಡು ಇದೆಯಲ್ಲ. ಆಮೇಲೆ ಹೊಸ್ತಿಲ ಮೇಲೆ ಕುಳಿತು ಅದೇ ಹಳೆಯ ಚಾಕುವಿನಿಂದ ಪೆನ್ಸಿಲ್‌ಗಳನ್ನೆಲ್ಲ ಮೊನೆ ಮಾಡಿ ಕೊಡುತ್ತಾಳೆ.

ಮೊನ್ನೆ ಕೂಸು ರಚ್ಚೆ ಹಿಡಿದಿತ್ತು. "ಖಾಲಾ, ಮೆಂಡರ್ ಎಲ್ಲಾರೂ ತರ್ತಾರ. ಟೀಚರ್ ಏನೂ ಅನ್ನಂಗಿಲ್ಲ."

"ಬ್ಯಾಡವ್ವ" ಎಂದಳು ಶೈಸ್ತಾ, ಚಾಕು ಮಡಚುತ್ತ. "ಒಂದಿನ ಯಾಕ ತಂದಿ ಅಂತ ಕೇಳ್ತಾರ. ಆಗ ಖರೇ ಹೇಳಾಕ ನಿಂಗ ಧೈರ್ಯ ಆಗಂಗಿಲ್ಲ."