ಮೂರು ಮೀಟರ್ ದೂರದ ಕಣ್ಣು

ನಮ್ಮ ಕಂಪನಿಗೆ ಬಂದವರೆಲ್ಲ ರೋಬೋಟ್ ನೋಡಿ ಬಾಯಿ ಬಿಟ್ಟುಕೊಂಡು ನಿಲ್ಲುತ್ತಾರೆ. ಬರ್ಮಿಂಗ್‌ಹ್ಯಾಮ್ ಅಂಚಿನ ಒಂದು ತಗಡಿನ ಶೆಡ್ಡು, ಹಿಂದೆ ಬಾಗಿಲಿನ ಹಿಡಿಕೆ ತಯಾರಾಗುತ್ತಿದ್ದ ಜಾಗ. ಅಲ್ಲಿ ಕಿತ್ತಳೆ ಬಣ್ಣದ ಕಬ್ಬಿಣದ ತೋಳೊಂದು ಇಂಕ್‌ಜೆಟ್ ಹಿಡಿದುಕೊಂಡು ಕಾರಿನ ಬಾನೆಟ್, ಗಿಟಾರು, ಹೆಲ್ಮೆಟ್ಟು, ಉಬ್ಬುತಗ್ಗಿರುವ ಯಾವುದರ ಮೇಲಾದರೂ ಬಣ್ಣದ ಚಿತ್ರ ಅಚ್ಚು ಹಾಕುತ್ತದೆ. ಮನೆಯ ಪ್ರಿಂಟರ್ ಕಾಗದದ ಮೇಲೆ ಮಾಡುವ ಕೆಲಸವನ್ನೇ ಇದು ವಸ್ತುವಿನ ಸುತ್ತ ಸುತ್ತಿ ಮಾಡುತ್ತದೆ, ಅಷ್ಟೆ. ನಮ್ಮ ಡೈರೆಕ್ಟರ್ ಅದನ್ನು ವಿವರಿಸುವುದನ್ನು ಕೇಳಿದರೆ ಮಾತ್ರ ಭೂಮಿಯನ್ನು ದುಂಡಗೆ ಮಾಡಿದವನೇ ಅವನೇನೋ ಅನ್ನಿಸಬೇಕು.

ಚಪ್ಪಟೆ ಚಿತ್ರವನ್ನು ಉಬ್ಬಿದ ಮೈಗೆ ಹೊಂದಿಸುವ ಸಾಫ್ಟ್‌ವೇರ್ ನನ್ನದು. ಉಬ್ಬಿನ ಮೇಲೆ ಗೆರೆ ನೇರವಾಗಿ ಕಾಣಬೇಕಾದರೆ ಅದನ್ನು ಸೊಟ್ಟಗೆ ಅಚ್ಚು ಹಾಕಬೇಕು. ಎಷ್ಟು ಸೊಟ್ಟ ಎನ್ನುವುದು ನೋಡುವವರು ಎಲ್ಲಿ ನಿಂತಿದ್ದಾರೆ ಎನ್ನುವುದರ ಮೇಲಿದೆ. ನಾವು ಅದನ್ನು ಒಂದೇ ಸಲಕ್ಕೆ ತೀರ್ಮಾನಿಸಿಬಿಟ್ಟಿದ್ದೆವು: ಎದುರಿಗೆ, ಮೂರು ಮೀಟರ್ ದೂರ, ನಿಂತವನ ಕಣ್ಣಿನ ಎತ್ತರ. ಕಾರಿಗೂ ಅದೇ, ಹೆಲ್ಮೆಟ್ಟಿಗೂ ಅದೇ. ಹೆಲ್ಮೆಟ್ ಹಾಕಿಕೊಂಡವನಿಗೆ ತನ್ನ ಹೆಲ್ಮೆಟ್ ಕಾಣುವುದೇ ಇಲ್ಲವಲ್ಲ, ಅವನನ್ನು ಯಾರು ಕೇಳುತ್ತಾರೆ?

ಲೆಸ್ಟರ್‌ನಲ್ಲಿ ಕನ್ನಡಿಗರ ಒಂದು ಯುಗಾದಿ ಊಟ. ಇಂಥ ಊಟಗಳಿಗೆ ನಾನು ಹೋಗುವುದೇ ಉಳಿದವರನ್ನು ಬೈದುಕೊಳ್ಳುವುದಕ್ಕೆ. ಬಿಸಿಬೇಳೆಭಾತ್ ತಟ್ಟೆ ಹಿಡಿದುಕೊಂಡು ಒಬ್ಬ ತನ್ನ ದುಬಾರಿ ಬಡಾವಣೆಯ ಪೋಸ್ಟ್‌ಕೋಡ್ ಹೇಳಿಕೊಳ್ಳುತ್ತಾನೆ, ಇನ್ನೊಬ್ಬ ಮಗ ಸೇರಿದ ಸ್ಕೂಲಿನ ಹೆಸರು ಹೇಳುತ್ತಾನೆ, ಆ ಮಗ ಪಕ್ಕದಲ್ಲೇ ನಿಂತು 'ಡ್ಯಾಡ್, ಕ್ಯಾನ್ ವೀ ಗೋ' ಅನ್ನುತ್ತಿರುತ್ತಾನೆ. ಹಾಗಂತ ನಾನೇನು ಕಮ್ಮಿ? ಆ ದಿನ ಅರ್ಧ ಗಂಟೆ ರೋಬೋಟಿನ ಬಗ್ಗೆ ಕೊಚ್ಚಿಕೊಂಡೆ. ಎದುರು ಕುರ್ಚಿಯಲ್ಲಿ ಕೂತಿದ್ದ ಹೆಂಗಸು ಅಷ್ಟನ್ನೂ ಕೇಳಿಸಿಕೊಂಡು ಕೊನೆಗೆ ಒಂದೇ ಪ್ರಶ್ನೆ ಹಾಕಿದರು.

"ಕಾಲಿನ ಮ್ಯಾಲೂ ಮಾಡ್ತದೇನ್ರಿ ಅದು?"

ಧಾರವಾಡದ ಕಡೆಯವರು, ಎಜ್‌ಬಾಸ್ಟನ್‌ನಲ್ಲಿ ಜಿಪಿ, ಅಂದರೆ ಬಡಾವಣೆಯ ಡಾಕ್ಟರ್. ಹಿಂದಿನ ವರ್ಷ ಮೋಟಾರ್‌ವೇಯಲ್ಲಿ ಅಪಘಾತವಾಗಿ ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆದಿದ್ದರು. ಈಗ ಕೃತಕ ಕಾಲು, ಅದರ ಮೇಲೆ ಕಾಲಿನ ಆಕಾರದ ಪ್ಲಾಸ್ಟಿಕ್ ಚಿಪ್ಪು. ಚಿಪ್ಪಿನ ಬಣ್ಣ ಯಾರ ಚರ್ಮದ್ದೋ, ಇವರದಂತೂ ಅಲ್ಲ.

"ಕನ್ನಡಿ ಮುಂದ ನಿಂತ್ರ ಏನೂ ಅನಸೂದಿಲ್ರಿ," ಅಂದರು. "ಕೂತು ಕೆಳಗ ನೋಡಿದಾಗ ಮಾತ್ರ ಯಾರದೋ ಕಾಲು ಅನಸ್ತದ. ಅದಕ್ಕ ನೋಡೂದ ಬಿಟ್ಟೇನಿ. ಸಾಕ್ಸ್ ಹಾಕೊವಾಗೂ ಗ್ವಾಡಿ ಕಡೆ ನೋಡ್ತೀನಿ. ನಮ್ಮವ್ವನ ಕರೇ ಚಂದ್ರಕಾಳಿ ಸೀರಿ ಅದ, ಅದರ ಮ್ಯಾಲಿನ ಕಸೂತಿ ಇದ್ರ ನೋಡ್ತೀನೇನೋ."

ಇಷ್ಟು ಸ್ಪಷ್ಟವಾಗಿ ಹೇಳಿದ್ದರು. ನನ್ನ ಕಿವಿಗೆ ಬಿದ್ದದ್ದು ಕಸೂತಿ ಎಂಬ ಒಂದೇ ಪದ. ಎಳೆ ಎಣಿಸಿ, ಗಂಟು ಹಾಕದೆ ತೆಗೆದ ಗೋಪುರ, ತುಳಸಿಕಟ್ಟೆ, ಆನೆ, ಎಲ್ಲವೂ ನೇರ ಗೆರೆ. ಒಂದು ಗೆರೆ ಸೊಟ್ಟಗಾದರೂ ಗೊತ್ತಾಗಿಬಿಡುತ್ತದೆ. ನನ್ನ ಸಾಫ್ಟ್‌ವೇರ್ ತೋರಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಅವಕಾಶ ಸಿಗುವುದಿಲ್ಲ ಎಂದು ಒಳಗೊಳಗೇ ಕುಣಿದೆ.

ಡೈರೆಕ್ಟರ್‌ಗೆ ಹೇಳಿದ್ದೇ ತಡ, ಅವನು ಉಚಿತವಾಗಿಯೇ ಮಾಡೋಣ, ಆದರೆ ವಿಡಿಯೋ ತೆಗೆಯಬೇಕು ಅಂದ. ಮಾರ್ಕೆಟಿಂಗ್ ಮೇಡಂ ಡಾಕ್ಟರ್ ಕಳಿಸಿದ್ದ ಸೀರೆಯ ಫೋಟೋ ನೋಡಿ ಮೂಗು ಮುರಿದಳು. ನವಿಲು ಹಾಕಬಹುದಲ್ಲ, ಇನ್ನೂ ಸ್ವಲ್ಪ ಇಂಡಿಯನ್ ಆಗಿರಬೇಕಿತ್ತು ಅನ್ನುವುದು ಅವಳ ತಕರಾರು. ಕರಿಬೇವು ಯಾವುದು, ಬೇವು ಯಾವುದು ಗೊತ್ತಿಲ್ಲದವಳು ನನಗೆ ಇಂಡಿಯಾ ಹೇಳಿಕೊಡುತ್ತಿದ್ದಾಳೆ ಎಂದು ಮನಸ್ಸಿನಲ್ಲೇ ಉಗಿದು, ಕಸೂತಿಯನ್ನೇ ಉಳಿಸಿಕೊಂಡೆ. ಆ ಒಂದು ಗೆಲುವಿನಲ್ಲಿ ಎಷ್ಟು ಬೀಗಿದ್ದೆನೆಂದರೆ, ಉಳಿದವರೆಲ್ಲ ಮೂರ್ಖರು, ಆ ಹೆಂಗಸಿನ ಮನಸ್ಸು ತಿಳಿದವನು ನಾನೊಬ್ಬನೇ ಅಂದುಕೊಂಡಿದ್ದೆ.

ಸ್ಕ್ಯಾನರ್ ತೆಗೆದುಕೊಂಡು ಅವರ ಮನೆಗೆ ಹೋದೆ. ಸೋಫಾದ ಮೇಲೆ ಅವರು ಕೂತರು, ನೆಲದ ಮೇಲೆ ನಾನು. ಮೂರು ಸಲ ಸ್ಕ್ಯಾನ್ ಮಾಡಿದೆ, ಕೂದಲೆಳೆಯಷ್ಟೂ ವ್ಯತ್ಯಾಸ ಬರಬಾರದು ನೋಡಿ. ಚಹಾ ಕುಡೀತೀರೇನ್ರಿ ಎಂದು ಎರಡು ಸಲ ಕೇಳಿದರು. ಅಲುಗಾಡಬೇಡಿ ಅಂದೆ. ಆ ಇಡೀ ಹೊತ್ತು ಒಂದು ಸಲವೂ ತಲೆ ಎತ್ತಿ ಅವರ ಮುಖ ನೋಡಿದ ನೆನಪಿಲ್ಲ.

ಅಚ್ಚು ಹಾಕುವ ದಿನ ಡೈರೆಕ್ಟರ್ ಕುರ್ತಾ ಹಾಕಿಕೊಂಡು ಬಂದಿದ್ದ, ಪ್ಯಾಕೆಟ್ಟಿನ ಮಡಿಕೆ ಎದೆಯ ಮೇಲೆ ಹಾಗೇ ಇತ್ತು. ರೋಬೋಟ್, ಸ್ಕ್ಯಾನಿನ ಅಳತೆಗೆ ಮಾಡಿಸಿದ ಹೊಸ ಕಪ್ಪು ಚಿಪ್ಪಿನ ಸುತ್ತ ನಿಧಾನಕ್ಕೆ ತಿರುಗುತ್ತ ಕೆಂಪು, ಹಸಿರು, ಕಿತ್ತಳೆ ಗೋಪುರಗಳನ್ನು ಸಾಲಾಗಿ ಎಬ್ಬಿಸಿತು. ಡಾಕ್ಟರ್ ಅದನ್ನು ತೊಟ್ಟುಕೊಂಡು ಎದ್ದು ನಿಂತರು. ಕ್ಯಾಮೆರಾದ ಹಿಂದೆ ನಿಂತ ನಮಗೆಲ್ಲ ಸೀರೆಯನ್ನೇ ಕಾಲಿಗೆ ಸುತ್ತಿದಂತೆ ಕಂಡಿತು, ಒಂದು ಗೆರೆಯೂ ಅತ್ತಿತ್ತ ಆಗಿರಲಿಲ್ಲ. ಚಪ್ಪಾಳೆ ಬಿತ್ತು. ಎಲ್ಲರಿಗಿಂತ ಜೋರಾಗಿ ತಟ್ಟಿದವನು ನಾನು.

ಡಾಕ್ಟರ್ ಕುರ್ಚಿ ಎಳೆದು ಕೂತರು. ಪ್ಯಾಂಟನ್ನು ಮೊಣಕಾಲಿನವರೆಗೆ ಸರಿಯಾಗಿ ಮಡಚಿ, ಒಮ್ಮೆ ಉಸಿರೆಳೆದುಕೊಂಡು ಕೆಳಗೆ ನೋಡಿದರು. ನೋಡುತ್ತಲೇ ಇದ್ದರು. ಮುಖದಲ್ಲಿ ಏನೂ ಬರಲಿಲ್ಲ. ಏನಾಯಿತೆಂದು ನಾನು ಹೋಗಿ ಅವರ ಭುಜದ ಪಕ್ಕ ಬಗ್ಗಿ ನೋಡಿದೆ. ಅಲ್ಲಿಂದ ಗೋಪುರಗಳೆಲ್ಲ ತಲೆಕೆಳಗು. ಮೊಣಕಾಲಿನ ಹತ್ತಿರದ ಸಾಲು ಹಿಗ್ಗಿ ಹರಡಿಕೊಂಡಿತ್ತು, ಕೆಳಗಿನದು ಮುದುಡಿ ಮುದ್ದೆಯಾಗಿತ್ತು. ಆನೆಗಳು ಕಾಲು ಮೇಲೆ ಮಾಡಿ ಬಿದ್ದಿದ್ದವು. ಅವರ ತಾಯಿಯ ಸೀರೆ ಅಲ್ಲಿ ಎಲ್ಲೂ ಇರಲಿಲ್ಲ.

"ನಿಂತವ್ರಿಗೆ ಭಾಳ ಚಂದ ಕಾಣಸ್ತದಲ್ರಿ?" ಅಂದರು.

ನನ್ನ ಬಾಯಿ ಸುಮ್ಮನಿರಬೇಕಲ್ಲ! "ಏನೂ ಪ್ರಾಬ್ಲಂ ಇಲ್ಲ ಮೇಡಂ. ವ್ಯೂಪಾಯಿಂಟ್ ಚೇಂಜ್ ಮಾಡಿದ್ರೆ ಆಯ್ತು. ನನಗೆ ಹತ್ತು ನಿಮಿಷದ ಕೆಲ್ಸ," ಅಂದೆ.

"ಬರೇ ಹತ್ತ ನಿಮಿಷದ್ದಿತ್ತೇನ್ರಿ?"

ಅಷ್ಟೇ. ಬೈದಿದ್ದರೆ ವಾದ ಮಾಡಬಹುದಿತ್ತು.

ಇನ್ನೊಂದು ಚಿಪ್ಪಿಗೆ ಅಚ್ಚು ಹಾಕೋಣ ಎಂದು ಡೈರೆಕ್ಟರ್‌ನನ್ನು ಕೇಳಿದೆ. ಯಾಕೆ, ಕ್ಯಾಮೆರಾದಲ್ಲಿ ಪರ್ಫೆಕ್ಟ್ ಆಗಿದೆಯಲ್ಲ ಅಂದ. ಮರುದಿನದಿಂದ ರೋಬೋಟಿಗೆ ಹೆಲ್ಮೆಟ್ಟುಗಳ ಆರ್ಡರ್ ಇತ್ತು. ಅವನು ಅಂದದ್ದರಲ್ಲಿ ಆಶ್ಚರ್ಯವೇನಿಲ್ಲ, ಅವನು ಯಾವತ್ತೂ ತನ್ನ ಮೂಗಿನ ನೇರಕ್ಕೆ ಮಾತಾಡುವವನೇ. ಅಸಹ್ಯವಾದದ್ದು ನಾನು ತಲೆಯಾಡಿಸಿ ಸುಮ್ಮನಾದದ್ದು. ಊಟದ ಮನೆಗಳಲ್ಲಿ ಎಲ್ಲರ ಬಗ್ಗೆ ನಾಲಿಗೆ ಹರಿಬಿಡುವ ಗಂಡಸು ನಾನು, ಅಲ್ಲಿ ಮಳೆಯಲ್ಲಿ ನೆಂದ ಬೆಕ್ಕಿನಂತೆ ಕೂತೆ. ಡಾಕ್ಟರ್ ಚಿಪ್ಪನ್ನು ಬಿಚ್ಚಿ ಮೇಜಿನ ಮೇಲಿಟ್ಟು, ಹಳೆಯದನ್ನೇ ತೊಟ್ಟುಕೊಂಡರು, ಅದನ್ನು ತೊಡುವಾಗ ಗೋಡೆಯ ಕಡೆ ನೋಡುತ್ತಿದ್ದರು.

"ನೋಡೋವ್ರಿಗೆ ಮಾಡೀರಿ. ನೋಡೋವ್ರ ಹತ್ರನ ಇರಲಿ," ಎಂದು ಹೇಳಿ ಕಾರು ಹತ್ತಿದರು.

ಚಿಪ್ಪು ಈಗ ನಮ್ಮ ರಿಸೆಪ್ಷನ್‌ನಲ್ಲಿ ಗಾಜಿನ ಪೆಟ್ಟಿಗೆಯೊಳಗೆ ನಿಂತಿದೆ. ಮ್ಯಾಂಚೆಸ್ಟರ್, ಲೀಡ್ಸ್ ಎಂದು ಎಲ್ಲ ಪ್ರದರ್ಶನಗಳಿಗೂ ವಿಡಿಯೋ ಹೋಗಿ ಬಂತು. ನನಗೆ ಹುದ್ದೆಯೂ ಏರಿತು. ಹೆಲ್ಮೆಟ್ಟುಗಳ ಗಲಾಟೆ ಮುಗಿದ ಮೇಲೆ, ನಾಲ್ಕು ತಿಂಗಳಿಗೆ, ಒಂದು ಮಧ್ಯಾಹ್ನ ಫೈಲ್ ತೆರೆದು ಕೂತವರ ಕಣ್ಣಿನಿಂದ ಮೊಣಕಾಲಿಗಿರುವ ದೂರ ಲೆಕ್ಕ ಹಾಕಿ ಗೋಪುರಗಳನ್ನು ತಿರುಗಿಸಿ ನಿಲ್ಲಿಸಿದೆ. ಹತ್ತು ನಿಮಿಷವೂ ಬೇಕಾಗಲಿಲ್ಲ. ಫೋನ್ ಮಾಡಿ, ಈ ಸಲ ನಿಮಗೆ ಕಾಣೋ ಹಾಗೆ ಮಾಡಿದೀನಿ, ಒಂದ್ಸಲ ಬನ್ನಿ ಮೇಡಂ ಅಂದೆ.

ತಮ್ಮ ಕ್ಲಿನಿಕ್ಕಿನಲ್ಲಿದ್ದರು, ಪೇಷಂಟುಗಳ ಸದ್ದು ಕೇಳುತ್ತಿತ್ತು. ಕೋಪವೇನೂ ಇರಲಿಲ್ಲ ಅವರ ದನಿಯಲ್ಲಿ.

"ಬ್ಯಾಡ್ರಿ. ಆವಾಗ ನೋಡಬೇಕಂತ ಮನಸ್ಸ ಗಟ್ಟಿ ಮಾಡಿದ್ದೆ. ಈಗ ನೋಡದ ಇರೂದ ರೂಢಿ ಆಗೇದ."